ಮಾವನ ಉಮಿಪರೀಕ್ಷೆ

ಮದುವೆಯಾಗಿ ಹದಿನಾಲ್ಕು ತಿಂಗಳಾದರೂ ನನ್ನ ಹೆಂಡತಿ ಉಡುಪಿಯ ಹತ್ತಿರದ ತವರಿನಲ್ಲಿ, ನಾನು ಮುಂಬಯಿಯಲ್ಲಿ. ತಪ್ಪು ನನ್ನದೇ. ಹೆಣ್ಣು ನೋಡಲು ಹೋದ ದಿನ ಅವಲಕ್ಕಿ ತಿನ್ನುತ್ತಾ ಬಾಯಿ ಸುಮ್ಮನಿರದೆ, "ಬೊಂಬಾಯಿಯಲ್ಲಿ ಸಮುದ್ರದ ಎದುರಿಗೇ ಮನೆ ಮಾಡ್ತೇನೆ, ಕಿಟಕಿ ತೆಗೆದರೆ ಕಡಲು" ಎಂದು ಕೊಚ್ಚಿಕೊಂಡಿದ್ದೆ. ಆಗ ನಾನಿದ್ದದ್ದು ಮಾಟುಂಗದ ಒಂದು ಖೋಲಿಯಲ್ಲಿ, ಊರಿನ ಇನ್ನೂ ಆರು ಮಂದಿಯ ಜೊತೆ. ಕಿಟಕಿ ತೆಗೆದರೆ ಕಾಣುತ್ತಿದ್ದದ್ದು ಪಕ್ಕದ ಹೋಟೆಲಿನವರು ತೊಳೆಯಲು ಹಾಕಿದ ಇಡ್ಲಿ ಪಾತ್ರೆಗಳು.

ನನ್ನ ಮಾತಿಗೆ ಹುಡುಗಿಯ ಮುಖ ಅರಳಿತೋ ಇಲ್ಲವೋ ತಿಳಿಯದು, ಅವಳ ಅಪ್ಪನ ಮುಖ ಮಾತ್ರ ಬಾಡಿತು. ಕೆಲವು ವರ್ಷಗಳ ಹಿಂದೆ ಬಿರುಗಾಳಿಯೊಂದು ಅವರ ಅಡುಗೆಮನೆಯ ಮಾಡನ್ನು, ಅಂದರೆ ಛಾವಣಿಯನ್ನೇ, ಎತ್ತಿ ಪಕ್ಕದವರ ಗದ್ದೆಯಲ್ಲಿ ಇಳಿಸಿತ್ತಂತೆ. ಒಲೆಯ ಮೇಲಿನ ಗಂಜಿ ಮಾತ್ರ ಒಂದು ಹನಿಯೂ ಚೆಲ್ಲಿರಲಿಲ್ಲವಂತೆ. ಅಂದಿನಿಂದ ಅವರಿಗೆ ಕಡಲೆಂದರೆ ಗಾಳಿ, ಗಾಳಿಯೆಂದರೆ ಮಾಡು ಹಾರುವುದು. ಮದುವೆಗೇನೋ ಒಪ್ಪಿದರು. ಆದರೆ, "ಮನೆ ನಾನು ಕಣ್ಣಾರೆ ನೋಡಿದ ಮೇಲೆಯೇ ಮಗಳನ್ನು ಕಳಿಸುವುದು" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಸುಗ್ಗಿ, ಪೂಜೆ, ದನದ ಬಾಣಂತನ ಎಂದು ದಿನ ದೂಡಿ ದೂಡಿ, ಅಂತೂ ಒಂದು ಏಪ್ರಿಲಿನಲ್ಲಿ ಮಾವ ಬಸ್ಸಿನಿಂದ ಇಳಿದರು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಬಟ್ಟೆಚೀಲ. ಚೀಲದ ತುಂಬ ಉಮಿ, ಅಂದರೆ ಭತ್ತದ ಹೊಟ್ಟು. ಹಲ್ಲುಜ್ಜಲು ಮಸಿ ಮಾಡಿಕೊಳ್ಳಲಿಕ್ಕೆ ಇರಬೇಕು ಅಂದುಕೊಂಡೆ. ಅಲ್ಲ. ಊರಿನಲ್ಲಿ ಭತ್ತ ತೂರುವ ಮೊದಲು ಒಂದು ಹಿಡಿ ಉಮಿಯನ್ನು ಮೇಲಿನಿಂದ ಬಿಟ್ಟು, ಗಾಳಿ ಎತ್ತ, ಎಷ್ಟು ಎಂದು ನೋಡುವ ಕ್ರಮವಿದೆ. ಆ ವಿದ್ಯೆಯಲ್ಲಿ ಮಾವ ನಿಸ್ಸೀಮರು. ಅದನ್ನು ಬಾಡಿಗೆ ಮನೆ ಹುಡುಕಲು ಬಳಸಿದವರನ್ನು ಮಾತ್ರ ನಾನು ಅದುವರೆಗೆ ಕಂಡಿರಲಿಲ್ಲ.

"ಮಾವ, ಈ ಕಡೆ ಬರುವ ಚಂಡಮಾರುತ ಹೆಚ್ಚಾಗಿ ಗುಜರಾತಿನತ್ತ ತಿರುಗಿಬಿಡ್ತದಂತೆ" ಎಂದು ಹೋಟೆಲಿನ ಗಲ್ಲಾದಲ್ಲಿ ಕೇಳಿದ್ದನ್ನು ಹೇಳಿದೆ.

"ಇನ್ನು ಮುಂದೆಯೂ ತಿರುಗ್ತೇನೆ ಅಂತ ಅದು ನಿಮಗೆ ಕಾಗದ ಬರೆದುಕೊಟ್ಟಿದೆಯಾ?" ಎಂದರು.

ಮೊದಲು ಮಾಹಿಮಿಗೆ ಕರೆದುಕೊಂಡು ಹೋದೆ. ಮೂರನೆಯ ಮಾಳಿಗೆ, ಕಿಟಕಿ ತೆಗೆದರೆ ನಿಜಕ್ಕೂ ಕಡಲು. ನಾನು ಉಬ್ಬಿಹೋಗಿ ವರ್ಣಿಸುತ್ತಿದ್ದಾಗಲೇ ಮಾವ ಉಮಿ ಬಿಟ್ಟರು. ಅರ್ಧ ನನ್ನ ತಲೆಗೆ, ಉಳಿದದ್ದು ತೆರೆದ ಬಾಯಿಗೆ.

"ಗಾಳಿ ಉಂಟು" ಎಂದು ಮಾವ ಚಪ್ಪಲಿ ಮೆಟ್ಟಿದರು.

ಮರುದಿನ ಬೊರಿವಲಿ. ಕಡಲು ಕಣ್ಣಿಗೆ ಬೀಳದಷ್ಟು ದೂರ. ಆದರೂ ಟೆರೇಸಿಗೆ ಹತ್ತಿ ನೋಡಲೇಬೇಕು ಎಂದರು. ಅಲ್ಲಿ ಗುಜರಾತಿ ಹೆಂಗಸೊಬ್ಬಳು ಸೀರೆ ಹಾಸಿ ಹಸಿ ಹಪ್ಪಳ ಒಣಹಾಕಿದ್ದಳು. ಮಾವನ ಉಮಿ ಒಂದೊಂದು ಹಪ್ಪಳಕ್ಕೂ ಸಮನಾಗಿ ಹಂಚಿಹೋಯಿತು.

"ಅರೇ, ಯೇ ಕ್ಯಾ ಡಾಲಾ?" ಎಂದು ಆಕೆ ಲಟ್ಟಣಿಗೆ ಹಿಡಿದೇ ಓಡಿಬಂದಳು.

"ಹವಾ ದೇಖತಾ ಹೈ" ಎಂದರು ಮಾವ, ಬಹಳ ಗಂಭೀರವಾಗಿ. ಗಾಳಿ ನೋಡುತ್ತಿದ್ದೇನೆ ಎನ್ನಲು ಅವರಿಗೆ ಬರುತ್ತಿದ್ದ ಹಿಂದಿ ಅಷ್ಟೇ. ಮುಂದಿನ ಅರ್ಧ ಗಂಟೆ ನಾವಿಬ್ಬರೂ ಕುಕ್ಕರಗಾಲಲ್ಲಿ ಕೂತು ಹಪ್ಪಳದಿಂದ ಉಮಿ ಹೆಕ್ಕಿದೆವು. ಇಳಿಯುವಾಗ ಮಾವ, "ಗಾಳಿ ಉಂಟು" ಎಂದರು. ಅದನ್ನು ಹೇಳುವ ಅಗತ್ಯವಿರಲಿಲ್ಲ.

ನಾಲ್ಕು ದಿನದಲ್ಲಿ ಏಳು ಮನೆ. ನನ್ನ ರಜೆ ಮುಗಿಯುತ್ತಾ ಬಂತು. ಕೊನೆಗೆ ಲೋಕಲ್ ಟ್ರೈನಿನಲ್ಲಿ ಸಿಟ್ಟು ನೆತ್ತಿಗೇರಿ, "ಗಾಳಿಯೇ ಬೇಡ ಅಂದರೆ ನಾವಿಬ್ಬರು ಕಬ್ಬಿಣದ ಕಪಾಟಿನೊಳಗೆ ಸಂಸಾರ ಮಾಡಬೇಕಷ್ಟೆ" ಎಂದುಬಿಟ್ಟೆ. ಮಾವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಾ ಕೂತರು.

ಅಂಥದೇ ಕಪಾಟೊಂದು ಮರುದಿನ ಚೆಂಬೂರಿನಲ್ಲಿ ಸಿಕ್ಕಿತು. ಮೂರು ಕಡೆ ಬಿಲ್ಡಿಂಗು, ಇರುವ ಒಂದೇ ಕಿಟಕಿಗೆ ಎದುರಾಗಿ ಗೋಡೆ. ಕಡಲು ಎಲ್ಲೋ ಗುಡ್ಡದ ಆಚೆ. ಒಳಗೆ ಕಾಲಿಟ್ಟೊಡನೆ ಅಂಗಿ ಬೆನ್ನಿಗೆ ಅಂಟಿತು. ಮಾವನನ್ನು ಅಲ್ಲೇ ಬಿಟ್ಟು, ನಲ್ಲಿ ಬರುವ ಹೊತ್ತಲ್ಲವಾದ್ದರಿಂದ ಕುಡಿಯುವ ನೀರು ಕೇಳಲು ಪಕ್ಕದ ಮನೆಗೆ ಹೋದೆ.

ಚೊಂಬು ಹಿಡಿದು ವಾಪಸ್ಸು ಬಂದವನು ಬಾಗಿಲಲ್ಲೇ ನಿಂತೆ. ಮಾವ ನನಗೆ ಬೆನ್ನು ಹಾಕಿ ಉಮಿ ಬಿಡುತ್ತಿದ್ದರು. ಅದು ನೆಟ್ಟಗೆ ಇಳಿದು ಅವರ ಪಾದದ ಮೇಲೆ ಗುಪ್ಪೆಯಾಯಿತು. ಇನ್ನೊಂದು ಹಿಡಿ ಬಿಟ್ಟರು. ಅದೂ ನೆಟ್ಟಗೆ. ಮೂರನೆಯ ಹಿಡಿ ಬಿಟ್ಟವರು ಸರಕ್ಕನೆ ಬಗ್ಗಿ, ಎರಡೂ ಕೆನ್ನೆ ಉಬ್ಬಿಸಿ, ಉಫ್ ಎಂದು ಊದಿದರು. ಉಮಿ ಮೂಲೆಗೆ ಹಾರಿತು.

"ಗಾಳಿ ಉಂಟು" ಎಂದು ತಿರುಗಿದರು. ನಾನು ಕಂಡೆ.

ನನಗೆ ನಗು ಬಂತು. ಅವರ ಮುಖ ನೋಡಿದ ಮೇಲೆ ಬರಲಿಲ್ಲ.

"ಒಬ್ಬಳೇ ಮಗಳು, ಮಾರಾಯ್ರೆ" ಎಂದರು. "ಬೊಂಬಾಯಿ ಎಷ್ಟು ದೂರ ಅಂತ ಬಸ್ಸಿನಲ್ಲಿ ಕೂತ ಮೇಲೆಯೇ ನನಗೆ ಗೊತ್ತಾದದ್ದು."

ಹಿಂದಿನ ದಿನ ಆಡಿದ ಮಾತಿಗೆ ನನಗೆ ನಾಚಿಕೆಯಾಯಿತು. ಚೊಂಬು ಮುಂದೆ ಹಿಡಿದೆ. ಅವರು ನೀರು ಕುಡಿದು, ಚೀಲದ ಬಾಯಿ ಕಟ್ಟಿ, "ಈ ಮನೆ ಆದೀತು" ಎಂದರು.

ಮಳೆಗೆ ಮುಂಚೆಯೇ ಹೆಂಡತಿ ಬಂದಳು. ಕಿಟಕಿ ತೆಗೆದು ಗೋಡೆ ನೋಡಿ, "ಕಡಲು ಎಲ್ಲುಂಟು?" ಎಂದಳು. "ಗೋಡೆಯ ಆಚೆ" ಎಂದೆ. "ಕಡಲು ನೋಡಿ ನೋಡಿ ನನಗೆ ಸಾಕಾಗಿದೆ. ಒಳಗೆ ನಲ್ಲಿ ಉಂಟಲ್ಲ" ಎಂದು ಖುಷಿಯಿಂದ ಕೊಡ ಇಟ್ಟಳು. ಹದಿನಾಲ್ಕು ತಿಂಗಳು ನಾನು ಹೊತ್ತು ತಿರುಗಿದ ಕಡಲಿನ ಗತಿ ಅಷ್ಟೇ ಆಯಿತು. ಮಾವ ಊದಿದ ಕಥೆಯನ್ನೂ ನಟಿಸಿ ತೋರಿಸಿದೆ. ಬಿದ್ದು ಬಿದ್ದು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದುಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು.

ಮುಂದಿನ ಏಪ್ರಿಲಿನಲ್ಲಿ ಅಂಚೆಗೆ ಹಾಕಲು ಅವಳು ಕೊಟ್ಟ ಕಾರ್ಡನ್ನು ದಾರಿಯಲ್ಲಿ ಓದಿದೆ. "ಅಪ್ಪ, ಇಲ್ಲಿ ಈಚೆಗೆ ಗಾಳಿ ಸ್ವಲ್ಪ ಜೋರಾಗಿದೆ. ನೀವೇ ಬಂದು ಒಮ್ಮೆ ನೋಡಬೇಕು" ಎಂದಿತ್ತು. ಅವತ್ತು ಮನೆಯಲ್ಲಿ ದೇವರ ದೀಪದ ಕುಡಿಯೂ ಅಲುಗಿರಲಿಲ್ಲ.

ಹತ್ತೇ ದಿನದಲ್ಲಿ ಮಾವ ಚೀಲ ಹಿಡಿದು ಹಾಜರು. ಕಾಲು ತೊಳೆದವರೇ ಕೋಣೆಯ ನಡುವೆ ನಿಂತು ಒಂದು ಹಿಡಿ ಉಮಿ ಬಿಟ್ಟರು. ಅದು ನೆಟ್ಟಗೆ ಅವರ ಪಾದಕ್ಕೇ ಬಿತ್ತು. ಮೂವರೂ ಅದನ್ನೇ ನೋಡಿದೆವು.

"ಗಾಳಿ ಉಂಟಲ್ಲ ಅಪ್ಪ?" ಎಂದಳು ಅವಳು.

"ಉಂಟು, ಉಂಟು. ಹದಿನೈದು ದಿನ ಇದ್ದು ಸರಿಯಾಗಿ ನೋಡಬೇಕು" ಎಂದು ಮಾವ ಚೀಲವನ್ನು ಗೂಟಕ್ಕೆ ಹಾಕಿದರು.

ನಾನು ಪೊರಕೆ ತರಲು ಹೋದೆ.