ನೆನೆದ ಹತ್ತಿಕಾಳಿನ ವಾಸನೆ

ಕೇಶ್ವಾಪುರದಲ್ಲಿರುವ ಅಕ್ಕನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಆ ವಾಸನೆ ಬಂತು. ಎಮ್ಮೆಗೆಂದು ನೆನೆಹಾಕಿ ಮರೆತ ಹತ್ತಿಕಾಳಿನ ಹುಳಿ ವಾಸನೆ. ಅವ್ವನಿಗೆ ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯುವ ಮೊದಲು ಅವಳ ಕೋಣೆಯಲ್ಲಿ ಇದೇ ಇತ್ತು. ಏನಿದು ವಾಸನೆ ಎಂದು ಅಕ್ಕನನ್ನು ಕೇಳಿದೆ.

"ಈ ಹಾಸಿದ ಕೌದಿ ವಾಸನಿ ಇರಬೇಕು ತಮ್ಮಾ. ಅವ್ವನ ಹಳೇ ಸೀರಿ ಹಾಕಿ ಹೊಲಿಸಿದ್ದಲ್ಲ," ಅಕ್ಕ ನಕ್ಕಳು. ಚಹಾ ಅರ್ಧಕ್ಕೇ ಬಿಟ್ಟಳು. "ಈಗೀಗ ಏನ್ ತಿಂದ್ರೂ ಹೊಟ್ಟಿ ಉಬ್ಬತೈತಿ. ಮಿರ್ಚಿ ಭಜಿ ಬಿಡಬೇಕು."

ಕ್ಯಾನ್ಸರ್ ಗಡ್ಡೆಗಳಲ್ಲೂ ಸೂಕ್ಷ್ಮಜೀವಿಗಳು ಸಿಗುತ್ತವೆ ಎಂದು ಧಾರವಾಡದಲ್ಲಿ ಒಬ್ಬ ವೈದ್ಯೆಯ ಉಪನ್ಯಾಸದಲ್ಲಿ ಕೇಳಿದ್ದೆ. ಈ ವಾಸನೆ ಅವುಗಳದ್ದೇ ಇರಬಹುದೇ ಎಂದು ಅವರ ಬಳಿ ಹೋಗಿ ವಿಚಾರಿಸಿದೆ.

"ಅವು ಕಳ್ಳರೋ, ಕಳವು ಆದ ಮ್ಯಾಲೆ ನೋಡಾಕ ಬಂದ ಮಂದಿಯೋ, ಇನ್ನೂ ಗೊತ್ತಿಲ್ರಿ," ಎಂದರು. "ವಾಸನಿ ಮ್ಯಾಲೆ ರೋಗ ಹೇಳಾಕ ಬರೂದಿಲ್ಲ. ಆದ್ರ ತಾಯಿಗೆ ಇತ್ತು, ಇವರಿಗೆ ಹೊಟ್ಟಿ ಉಬ್ಬರ ಐತಿ. ಅಷ್ಟು ಸಾಕು, ಲಗೂ ತೋರಿಸ್ರಿ."

ನನಗೆ ಅಷ್ಟು ಸಾಕಾಗಲಿಲ್ಲ. ಕೌದಿಯನ್ನು ಮನೆಗೆ ತಂದು ಮಾಳಿಗೆಯ ಬಿಸಿಲಿಗೆ ಹಾಕಿ, ಮಡಿಕೆ ಮಡಿಕೆ ಬಿಚ್ಚಿ ಮೂಸಿದೆ. ಹಳೆಯ ಬಟ್ಟೆಯ ವಾಸನೆ, ಅಷ್ಟೇ. ಮರಳಿ ಅಕ್ಕನ ಮನೆಗೆ ಹೋದೆ. ಕೌದಿಯಿಲ್ಲದ ಪಡಸಾಲೆಯಲ್ಲಿ ಹತ್ತಿಕಾಳಿನ ಹುಳಿ ವಾಸನೆ ಹಾಗೇ ಇತ್ತು.

ಎಲ್ಲವನ್ನೂ ಹೇಳಿ, ದವಾಖಾನೆಗೆ ನಡೆ ಎಂದೆ. ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನೆದುರು ಬಂದು ಕೂತಳು.

"ಅವ್ವನ ಖೋಲ್ಯಾಗ ಈ ವಾಸನಿ ನೀ ಹೆಂಗ ಮೂಸಿದಿ? ಆ ವರ್ಷ ನೀ ಹಾಸ್ಟೆಲ್‌ನ್ಯಾಗ ಇದ್ದಿ. ನೀ ಬರೂದ್ರಾಗ ಅವ್ವನ್ನ ದವಾಖಾನಿಗೆ ಹಾಕಿದ್ವಿ."

"ನೀನೇ ಹೇಳಿರಬೇಕು."

"ನಾ ಯಾರಿಗೂ ಹೇಳಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರ ವಾಸನಿ ಇತ್ತು. ಖರೇನ ಇತ್ತು."

ನೆನಪು ನಂಬಿಕಸ್ತ ಸಾಕ್ಷಿಯಲ್ಲ. ಯಾವುದೋ ರವಿವಾರ ನಾನು ಬಂದುಹೋಗಿದ್ದು ಇಬ್ಬರೂ ಮರೆತಿರಬಹುದು. ಹಾಗೆಂದು ಈಗಲೂ ನನಗೇ ಹೇಳಿಕೊಳ್ಳುತ್ತೇನೆ. ಆದರೆ ಆ ಕೋಣೆಯನ್ನು ನೆನೆದಾಗಲೆಲ್ಲ ವಾಸನೆ ಬರುತ್ತದೆ, ಬಾಗಿಲು ಮಾತ್ರ ಯಾವ ಕಡೆಗಿತ್ತೆಂಬುದು ಹೊಳೆಯುವುದಿಲ್ಲ.

ಮರುದಿನ ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತಿದ್ದೆವು. ನೆಲ ಆಗಷ್ಟೇ ಒರೆಸಿದ್ದರು. ಒಳಗಿನಿಂದ ಕರೆದಾಗ ಅಕ್ಕ ಎದ್ದು, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು:

"ಈಗ ಬರತೈತೇನು?"

"ಇಲ್ಲ," ಎಂದೆ. ಸುಳ್ಳಲ್ಲ. ಬರೀ ಫಿನೈಲ್ ವಾಸನೆ.

"ನನಗ ಬರಾಕತ್ತೈತಿ," ಎಂದು ಕೈಚೀಲವನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು.