ಕಾಕಾನ ಕೆಮ್ಮು

ಒದ್ದೆ ಪಟಿಕದ ವಾಸನೆ ಎಲ್ಲಿಯೇ ಬರಲಿ, ನನ್ನ ಗಂಟಲಿಗೆ ಕೆಮ್ಮೊಂದು ಬಂದು ನಿಲ್ಲುತ್ತದೆ. ಅದು ನನ್ನದಲ್ಲ, ನನ್ನನ್ನು ಸಾಕಿದ ಕಾಕಾನದು. ಐನಾಪುರದ ನಮ್ಮ ಮನೆಯ ಪಡಸಾಲೆಯೇ ಅವನ ಕ್ಷೌರದಂಗಡಿ. ನಡುವೆ ಒಂದು ಪರದೆ. ಆಚೆ ಅವನ ಹೆಂಡತಿ ಕಾಕುವಿನ ಒಲೆ, ಈಚೆ ಕನ್ನಡಿ, ಕುರ್ಚಿ, ಬೆಂಚಿನ ಮೇಲೆ ಕೂತು ಕಂಡವರ ಸಂಸಾರ ಹರಡುವ ಬಾಯಿಗಳು. ನಿಮ್ಮೂರಲ್ಲೂ ಇಂಥದೊಂದು ಪಡಸಾಲೆ ಇದ್ದಿರಬೇಕು, ಈಗ ಇರಲಿಕ್ಕಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮಿರಜದಲ್ಲಿ ಸ್ಟೆಪ್ ಕಟಿಂಗ್ ಕಲಿತು, ಅದನ್ನು ನನ್ನ ತಲೆಯ ಮೇಲೇ ಕಾಗೆಗೂಡಿನಂತೆ ಹೊತ್ತು ಊರಿಗೆ ಬಂದೆ. ಹೊರಗೆ ಎಣ್ಣೆ, ಒಳಗೆ ಗಾಳಿ ತುಂಬಿದ ಊರಿನ ತಲೆಗಳಿಗೆ ನನ್ನ ಕೈ ಬೇಡವಾಗಿತ್ತು. ಎಲ್ಲರಿಗಿಂತ ದೊಡ್ಡ ತಲೆ ಬೆಲ್ಲದ ವ್ಯಾಪಾರಿ ಅಪ್ಪಾಸಾಬರದು. ನಾನು ಕತ್ತಿ ಹಿಡಿದರೆ ಸಾಕು, ಅವರು ತಮ್ಮ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದರು.

"ಲೇ ಪೋರ, ಮೊದ್ಲ ಕುರಿ ಮ್ಯಾಲೆ ಕೈ ಕೂಡಿಸ್ಕೊ."

"ಅದಕ ನಿಮ್ಮನ್ನ ಕರ್ಯಾಕತ್ತೇನ್ರಿ."

ಬೆಂಚು ನಕ್ಕಿತು, ಕುರ್ಚಿಗೆ ಯಾರೂ ಬರಲಿಲ್ಲ. ಅವರ ನಂಬಿಕೆಯೆಲ್ಲ ಕಾಕಾನ ಕೈಯ ಮೇಲೆ. ಆ ಕೈಗೋ ನಡುಕ ಹತ್ತಿತ್ತು. ಸುದ್ದಿ ಹೊರಬಿದ್ದರೆ ಕುರ್ಚಿ ಖಾಲಿ, ಪರದೆಯಾಚೆ ಒಲೆಯೂ ತಣ್ಣಗೆ. ಆದರೆ ಕಾಕಾನ ಹತ್ತಿರ ಕೂತವರಿಗೆ ಒಂದು ರೂಢಿಯಿತ್ತು: ನೊರೆ ಹತ್ತಿದೊಡನೆ ಕಣ್ಣು ಮುಚ್ಚಿದರೆ, ಪಟಿಕ ತಿಕ್ಕುವವರೆಗೆ ತೆರೆಯುತ್ತಿರಲಿಲ್ಲ. ಬೆಂಚು ಖಾಲಿಯಿರುವ ಹೊತ್ತು ನೋಡಿ ಕಾಕಾ ನೊರೆ ಹಚ್ಚಿ ಮೆಲ್ಲನೆ ಸ್ಟೂಲಿನ ಮೇಲೆ ಕೂರುತ್ತಿದ್ದ. ನಾನು ಕತ್ತಿ ಎತ್ತಿಕೊಂಡು, ಅವನ ಹಾಗೆಯೇ ಸಣ್ಣಗೆ ಕೆಮ್ಮಿ, ಅವನ ದನಿಯಲ್ಲೇ "ಹೂಂ, ಮಾರಿ ಎತ್ರಿ" ಎನ್ನುತ್ತಿದ್ದೆ. ಊರಿನವರೆಲ್ಲರ ನಡಿಗೆ ಅಣಕಿಸಿ ಬೈಸಿಕೊಂಡ ವಿದ್ಯೆ ಹೀಗೆ ಹೊಟ್ಟೆಗೆ ಹಾಕಿತು. ಕೊನೆಗೆ ಪಟಿಕ ತಿಕ್ಕಲು ಮತ್ತೆ ಕಾಕಾನೇ ಏಳುತ್ತಿದ್ದ.

"ಏನ ಹಗುರ ಕೈ ಮಾರಾಯಾ ನಿಂದು," ಎಂದು ಅಪ್ಪಾಸಾಬರು ಕಣ್ಣು ಮುಚ್ಚಿಕೊಂಡೇ ನನ್ನ ಕತ್ತಿಯ ಕೆಳಗಿನಿಂದ ಹೇಳುತ್ತಿದ್ದರು. "ಆ ಪೋರಗ ಈ ಜನ್ಮದಾಗ ಬರೂದಿಲ್ಲ." ಸ್ಟೂಲಿನ ಮೇಲೆ ಕಾಕಾ ದನಿಯಿಲ್ಲದೆ ನಗುತ್ತಿದ್ದ, ಕೆಮ್ಮು ಕೇಳಿದೊಡನೆ ಕಾಕು ತಂದಿಡುತ್ತಿದ್ದ ಚಹಾದ ಕಪ್ಪು ಅವನ ಕೈಯಲ್ಲಿ ಕಟಕಟ ಎನ್ನುತ್ತಿತ್ತು.

ಕಾಕಾ ತೀರಿಕೊಂಡು, ದಿನಕರ್ಮಗಳೆಲ್ಲ ಆದ ಮೇಲೆ ಅಂಗಡಿ ತೆರೆದೆ. ಬಂದವರೆಲ್ಲ ಹಳಹಳಿಸಿ, ಗಡ್ಡದ ಸಮೇತ ಎದ್ದು ಹೋದರು. ಅಥಣಿಯವರೆಗೆ ಹೋಗಲು ಸೋಮಾರಿತನವಾಗಿ ಕೂತವರು ಅಪ್ಪಾಸಾಬರೊಬ್ಬರೇ. "ಗಲ್ಲ ಅಷ್ಟ ಮಾಡಪಾ. ಕುತ್ತಿಗಿಗೆ ಹೋಗಬ್ಯಾಡ." ನೊರೆ ಹಚ್ಚಿದೆ. ರೂಢಿಯಂತೆ ಅವರ ಕಣ್ಣು ಮುಚ್ಚಿದವು, ರೂಢಿಯಂತೆಯೇ ನಾನು ಕೆಮ್ಮಿದೆ. "ಹೂಂ, ಮಾರಿ ಎತ್ರಿ." ಅವರು ಮುಖ ಎತ್ತಿದರು. ಕತ್ತಿ ಕುತ್ತಿಗೆಗಿಳಿಯಿತು. ಅಷ್ಟರಲ್ಲಿ ಪರದೆ ಸರಿಯಿತು. ಕೆಮ್ಮು ಕೇಳಿದ ಕಾಕು, ಕಾಕಾನ ಕಪ್ಪಿನಲ್ಲಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಅಪ್ಪಾಸಾಬರು ಕಣ್ಣು ತೆರೆದರು. ಖಾಲಿ ಸ್ಟೂಲು ನೋಡಿದರು, ಕಪ್ಪು ನೋಡಿದರು, ಆಮೇಲೆ ನನ್ನನ್ನು.

"ಯಾವಾಗಿಂದ ಲೇ ಇದು?"

"ಹ್ವಾದ ದೀಪಾವಳಿಯಿಂದ್ರಿ."

ಎದ್ದು ಹೋಗುತ್ತಾರೆಂದು ಕತ್ತಿ ತೆಗೆದೆ. ಆ ಬೆಲ್ಲದ ಮುದ್ದೆಗೆ ಏನನ್ನಿಸಿತೋ, ಮತ್ತೆ ಕಣ್ಣು ಮುಚ್ಚಿ ಕುತ್ತಿಗೆಯನ್ನು ಮೊದಲಿಗಿಂತ ಮೇಲೆತ್ತಿದರು. "ಸಾವಕಾಶ ಮಾಡು," ಎಂದರು. ಕಾಕು ಕಪ್ಪನ್ನು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಆ ಪಡಸಾಲೆ ಈಗಿಲ್ಲ, ಕಾಕುವೂ ಇಲ್ಲ. ಮದುವೆಮನೆಗಳಲ್ಲಿ ಜನ ಈಗಲೂ ಅಣಕು ಮಾಡೆಂದು ಗಂಟು ಬೀಳುತ್ತಾರೆ; ಅಪ್ಪಾಸಾಬರನ್ನು ಮಾಡುತ್ತೇನೆ, ಮಾಡಿಸುವವರನ್ನೇ ಮಾಡುತ್ತೇನೆ. ಆ ಕೆಮ್ಮನ್ನು ಮಾತ್ರ ಅಂದಿನಿಂದ ಯಾರ ಮುಂದೆಯೂ ಮಾಡಿಲ್ಲ.