ಮೂರನೆಯ ಹಾಳೆ

ನನ್ನ ಗಂಡ ತೀರಿಕೊಂಡ ಹಿಂದಿನ ದಿನ ಎಲ್ಲ ದಿನದ ಹಾಗೆಯೇ ಇತ್ತು. ಬೆಳಿಗ್ಗೆ ಒಲೆಯ ಮೇಲೆ ಮೈದಾ ಅಂಟು ಕುದಿಸುತ್ತಿದ್ದೆ. ಅವರು ಕೃಷಿ ಕಚೇರಿಯಲ್ಲಿ ಜವಾನರಾಗಿದ್ದರು. ಸರ್ಕಾರದ ಸಹಾಯಧನ ಯಾವ ಯಾವ ರೈತರಿಗೆ ಸಿಕ್ಕಿತು ಎಂಬ ಪಟ್ಟಿಯನ್ನು ಹೊರಗಿನ ಹಲಗೆಗೆ ಅಂಟಿಸುವುದು ಅವರ ಕೆಲಸ. ಹದಿನೈದು ದಿನ ಎಲ್ಲರಿಗೂ ಕಾಣಬೇಕು, ಅದು ನಿಯಮ. ಅಂಗಡಿಯ ಗೋಂದು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆಂದು ನಾನು ಮಾಡಿದ ಅಂಟನ್ನೇ ಒಯ್ಯುತ್ತಿದ್ದರು. ಜನ ಅವರನ್ನು ಅಂಟಣ್ಣ ಎನ್ನುತ್ತಿದ್ದರು.

ಅವತ್ತು ಹಿಟ್ಟಿನ ಡಬ್ಬದ ತಳ ಕಂಡಿತ್ತು.

"ರೀ, ಒಂದು ಹಿಡಿ ಕಮ್ಮಿ ಆಯ್ತು. ಅಂಟು ನೀರಾಗಿದೆ."

"ಇರ್ಲಿ ಬಿಡೇ. ಹದಿನೈದು ದಿನ ನಿಂತ್ರೆ ಸಾಕು. ನಮ್ಮಿಬ್ಬರ ಹಾಗೆ ಮೂವತ್ತು ವರ್ಷ ಅಂಟ್ಕೊಂಡಿರ್ಬೇಕಾ?"

"ನಮಗೆ ಎಷ್ಟು ಹಿಡಿ ಹಾಕಿದ್ರೋ ನಮ್ಮಪ್ಪ."

ನಕ್ಕರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಒಂದು ಮಾತು ಹೇಳಿದರು. ಪಟ್ಟಿಯಲ್ಲಿ ನಾಲ್ಕು ಹಾಳೆ ಇದೆ, ನಾಲ್ಕನೆಯದನ್ನು ಮೂರನೆಯದರ ಮೇಲೆಯೇ ಅಂಟಿಸು ಎಂದಿದ್ದಾರೆ ಸಾಹೇಬರು. ಮೂರನೆಯದರಲ್ಲಿ ಅಣ್ಣನ ಹೆಸರಿದೆ.

ಅಣ್ಣ ಎಂದರೆ ನನ್ನ ಭಾವ. ಅವರ ಹೊಲದಲ್ಲಿ ಬೆಳೆ ಇಲ್ಲ, ಲಾರಿ ನಿಲ್ಲಿಸುವ ಶೆಡ್ ಇದೆ. ಅದೇ ಹೊಲಕ್ಕೆ ಹನಿ ನೀರಾವರಿ ಪೈಪಿನ ಹಣ ಬಂದಿತ್ತು. ನಾವಿದ್ದದ್ದು ಅವರ ಮನೆಯ ಹಿಂದಿನ ಕೋಣೆಯಲ್ಲಿ, ಬಾಡಿಗೆ ಇಲ್ಲದೆ. ನಾನು ಅಂಟಿನ ಡಬ್ಬ ಇವರ ಕೈಗೆ ಕೊಟ್ಟೆ. ಸಾಹೇಬರು ಹೇಳಿದಂತೆ ಅಂಟಿಸಿ ಬಂದರು.

ಮರುದಿನ ಊಟದ ಹೊತ್ತಿಗೆ ಗಾಳಿ ಬಂದು ಮೇಲಿನ ಹಾಳೆ ಎದ್ದಿತು. ಆಗ ಅಲ್ಲಿ ಯಾರೂ ಇರಲಿಲ್ಲ. ಇವರು ಓಡಿಹೋಗಿ ಎರಡೂ ಅಂಗೈಯಲ್ಲಿ ಹಾಳೆ ಒತ್ತಿ ಹಿಡಿದರಂತೆ. ಕೈ ತೆಗೆದರೆ ಏಳುತ್ತಿತ್ತು. ಒಣಗಿ ಹಿಡಿಯಲಿ ಎಂದು ಬಿಸಿಲಲ್ಲಿ ಹಾಗೇ ನಿಂತರು. ಒಂದು ಗಂಟೆಯೋ, ಹೆಚ್ಚೋ. ಎದುರಿನ ಚಹಾ ಅಂಗಡಿಯವನು ನೋಡಿದ್ದಾನೆ, ಅವನೇ ನನಗೆ ಹೇಳಿದ್ದು. ನಿಂತಲ್ಲೇ ಕುಸಿದರು. ಹಾಳೆ ಕೈಯೊಡನೆ ಕಿತ್ತು ಬಂತು. ಎತ್ತುವಷ್ಟರಲ್ಲಿ ಜೀವ ಹೋಗಿತ್ತು.

ಓಡಿಬಂದ ಜನರಿಗೆ ಕಂಡದ್ದು ಹಲಗೆಯ ಮೇಲಿನ ಮೂರನೆಯ ಹಾಳೆ, ಇವರ ಕೈಯಲ್ಲಿನ ನಾಲ್ಕನೆಯದು. ಇವರೇ ಕಿತ್ತು ತೋರಿಸಿದರು ಎಂದುಕೊಂಡರು.

"ಪೈಪು ಹಾಕಿ ಲಾರಿ ಟೈರಿಗೆ ನೀರು ಬಿಡ್ತಿದ್ನಾ ಇವರಣ್ಣ?"

"ಒಡಹುಟ್ಟಿದವನು ಅಂತಲೂ ನೋಡ್ಲಿಲ್ಲ ಕಣೋ ಅಂಟಣ್ಣ. ಪುಣ್ಯಾತ್ಮ."

ಭಾವ ಹಣ ವಾಪಸು ಕಟ್ಟಿದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಮುಚ್ಚಲು ಹೋಗಿ ಸತ್ತರು ಎಂದು ಯಾವ ಬಾಯಲ್ಲಿ ಹೇಳಲಿ? ಚಹಾ ಅಂಗಡಿಯವನೂ ಹೇಳಿಲ್ಲ.

ಅವರ ಕೆಲಸ ಅನುಕಂಪದ ಮೇಲೆ ನನಗೆ ಕೊಟ್ಟರು. ಆರು ತಿಂಗಳಿಗೆ ಹೊಸ ಪಟ್ಟಿ ಬಂತು. ಈ ಸಲವೂ ನಾಲ್ಕೇ ಹಾಳೆ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಮೂರನೆಯದರಲ್ಲಿ ಓರಗಿತ್ತಿಯ ಹೆಸರಿತ್ತು. ಹೊಲ ಅದೇ.

"ಮೊದಲಿನ ಹಾಗೇ ಅಂಟ್ಸಮ್ಮ," ಎಂದರು ಸಾಹೇಬರು. "ಅಂಟು ಗಟ್ಟಿ ಇರ್ಲಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ಗೊತ್ತಲ್ಲ."

ಭಾವ ಕೋಣೆಯ ಬಾಗಿಲಿಗೇ ಬಂದರು. "ಈ ಕೋಣೆ ನಿಂದೇ ಅಂದ್ಕೋಮ್ಮ. ಇರೋವಷ್ಟು ದಿನ ಇರು."

ಎಷ್ಟು ದಿನ ಎಂಬುದು ಅವರ ಕೈಯಲ್ಲಿತ್ತು.

ಅಂಟಿಸಿದೆ. ನಾಲ್ಕನೆಯದನ್ನು ಮೂರನೆಯದರ ಮೇಲೆ. ಚಹಾ ಅಂಗಡಿಯವನು ಮುಖ ಆಚೆ ತಿರುಗಿಸಿದ. ಇಬ್ಬರು ರೈತರು ಬಂದರು. ಒಬ್ಬ ಹಲಗೆಯ ಹತ್ತಿರ ಬಗ್ಗಿದ. ಇನ್ನೊಬ್ಬ ಅವನ ತೋಳು ಹಿಡಿದು ಎಳೆದ.

"ಬಾರೋ. ಅಂಟಣ್ಣನ ಹೆಂಡ್ತಿ ಅಂಟ್ಸಿರೋದು. ಇನ್ನೇನು ನೋಡ್ತೀಯ ಅದ್ರಲ್ಲಿ?"

ನನಗೆ ಕೈ ಮುಗಿದು ಹೋದರು. ನಾನೂ ಮುಗಿದೆ. ಕೈಗೆ ಅಂಟು ಮೆತ್ತಿತ್ತು.

ಹಾಳೆಯ ಅಂಚು ದಿನವೂ ನೋಡಿ ಒತ್ತಬೇಕು ಎಂಬುದು ಸಾಹೇಬರ ಹೊಸ ಅಪ್ಪಣೆ. ಅದಕ್ಕೇ ಬೆಳಿಗ್ಗೆ ಎದ್ದವಳೇ ಒಲೆ ಹಚ್ಚುತ್ತೇನೆ. ಅವರಿದ್ದಾಗ ನಾಲ್ಕು ಹಿಡಿ ಹಿಟ್ಟು ಹಾಕುತ್ತಿದ್ದೆ. ಈಗ ಐದು. ಗಂಟು ಕಟ್ಟದ ಹಾಗೆ ಸೌಟು ತಿರುಗಿಸುತ್ತಾ ನಿಲ್ಲುತ್ತೇನೆ.